ಕಿಲ್ವಿಷ್ಯಾನ ಪಾರ್ಟಿಯವರು

ನಮ್ಮ ತಲೆಮಾರಿನ ನಾಲ್ಕು ಮಂದಿ ಒಂದೆಡೆ ಕೂತು ಹಳೇ ದೂರದರ್ಶನದ ಮಾತು ತೆಗೆದರೆ ಐದು ನಿಮಿಷದೊಳಗೆ ಶಕ್ತಿಮಾನ್ ಬಂದೇ ಬರುತ್ತಾನೆ. ಬೆರಳು ಮೇಲೆತ್ತಿ ಗರಗರ ತಿರುಗಿದ್ದು, ತಲೆ ಸುತ್ತಿ ಬಿದ್ದದ್ದು, ಪಾರ್ಲೆ-ಜಿ ಪುಡಿಕೆಯೊಳಗಿನ ಸ್ಟಿಕ್ಕರು... ಎಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ಆಗ ನಾನು ಸುಮ್ಮನೆ ಚಹಾ ಕುಡಿಯುತ್ತಾ ಕೂತಿರುತ್ತೇನೆ. ಯಾಕೆಂದರೆ ನಾನು ಆ ಪಾರ್ಟಿಯವನಲ್ಲ. ಬೆಳಗಾವಿಯ ವಡಗಾವಿಯಲ್ಲಿ, ಮಗ್ಗದವರ ಓಣಿಯಲ್ಲಿ, ನಾವೊಂದು ಏಳೆಂಟು ಹುಡುಗರು ಕಿಲ್ವಿಷ್ಯಾನ ಪಾರ್ಟಿಯವರು. ತಮರಾಜ್ ಕಿಲ್ವಿಷ್! ಆ ಧಾರಾವಾಹಿಯ ಖಳನಾಯಕ. ಅವನ ಬಗ್ಗೆ ಯಾರೂ ನೆಟ್ಟಗೆ ಬರೆದದ್ದು ನಾನು ನೋಡಿಲ್ಲ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :)

ಮೊದಲು ಗೊತ್ತಿಲ್ಲದವರಿಗೆ ನಾಲ್ಕು ಮಾತು. ಶಕ್ತಿಮಾನ್ ಶುರುವಾದದ್ದು 1997ರ ಸೆಪ್ಟೆಂಬರ್ 13ರಂದು, ಮುಗಿದದ್ದು 2005ರ ಮಾರ್ಚಿನಲ್ಲಿ. ನಾಯಕನೂ ನಿರ್ಮಾಪಕನೂ ಮುಕೇಶ್ ಖನ್ನಾ, ನಿರ್ದೇಶಕ ದಿನಕರ್ ಜಾನಿ. ಪತ್ರಿಕೆಯೊಂದರಲ್ಲಿ ಕೆಲಸ ಮಾಡುವ ಹಲ್ಲುಬ್ಬಿನ, ಕನ್ನಡಕದ ಗಂಗಾಧರನೇ ಆಪತ್ತು ಬಂದಾಗ ಶಕ್ತಿಮಾನ್ ಆಗುತ್ತಾನೆ. ಅದೇ ಪತ್ರಿಕೆಯ ವರದಿಗಾರ್ತಿ ಗೀತಾ ವಿಶ್ವಾಸ್. ಸೂಪರ್‌ಮ್ಯಾನ್ ನೋಡಿದವರಿಗೆ ಇದು ಎಲ್ಲಿಂದ ಬಂದ ಸರಕು ಎಂದು ಹೇಳಬೇಕಿಲ್ಲ. ಅದರ ಮೇಲೆ ಕುಂಡಲಿನಿ, ಪಂಚಭೂತ, ಯೋಗ ಅಂತ ನಮ್ಮ ಕಡೆಯ ಒಗ್ಗರಣೆ. ಗೀತಾಳ ಪಾತ್ರದಲ್ಲಿ ಮೊದಲು ಕಿಟು ಗಿದ್ವಾನಿ ಇದ್ದರು, ಆಮೇಲೆ ವೈಷ್ಣವಿ ಬಂದರು. ಓಣಿಯ ಹೆಣ್ಣುಮಕ್ಕಳಲ್ಲಿ ಈ ವಿಷಯಕ್ಕೆ ಎರಡು ಪಂಗಡಗಳೇ ಆಗಿದ್ದವು. ಅದು ಬೇರೆ ಕತೆ.

ಧಾರಾವಾಹಿ ಚೆನ್ನಾಗಿತ್ತಾ? ಪ್ರಾಮಾಣಿಕವಾಗಿ ಹೇಳುವುದಾದರೆ ಇಲ್ಲ. ಶಕ್ತಿಮಾನ್ ಹಾರುವಾಗ ಅವನ ಸುತ್ತ ಕತ್ತರಿಸಿ ಅಂಟಿಸಿದ ಗೆರೆ ಕಾಣುತ್ತಿತ್ತು. ತಿರುಗುವ ದೃಶ್ಯ ಪ್ರತಿಸಲ ಅದದೇ. ಇನ್ನೇನು ಹೊಡೆದಾಟ ಶುರುವಾಗಬೇಕು ಎನ್ನುವಾಗ ಶಕ್ತಿಮಾನ್ ನಿಂತು ಉಪದೇಶ ಮಾಡುತ್ತಿದ್ದ. ಅಷ್ಟು ಸಾಲದು ಅಂತ ಕಂತಿನ ಕೊನೆಗೆ 'ಛೋಟಿ ಛೋಟಿ ಮಗರ್ ಮೋಟಿ ಬಾತೇಂ' ಎಂಬ ಪಾಠ ಬೇರೆ. ಯಾವುದೋ ಹುಡುಗ ಕಸ ಎಸೆದಿರುತ್ತಾನೆ, ಸುಳ್ಳು ಹೇಳಿರುತ್ತಾನೆ, ಶಕ್ತಿಮಾನ್ ಬಂದು ತಿಳಿಹೇಳುತ್ತಾನೆ, ಹುಡುಗ 'ಸಾರಿ ಶಕ್ತಿಮಾನ್' ಅನ್ನುತ್ತಾನೆ. ವಾರವಿಡೀ ಶಾಲೆಯಲ್ಲಿ ಬೈಸಿಕೊಂಡು ರವಿವಾರ ಟಿವಿ ಮುಂದೆ ಕೂತರೆ ಅಲ್ಲೂ ಒಬ್ಬ ಮಾಸ್ತರ!

ಇಷ್ಟರ ನಡುವೆ ಅವನು ಬರುತ್ತಿದ್ದ. ಕತ್ತಲೆಯ ಗುಹೆ, ಕಪ್ಪು ನಿಲುವಂಗಿ, ಉದ್ದ ಕೂದಲು, ಎದೆಯಾಳದಿಂದ ಎದ್ದು ಬರುವ ದನಿ. ಹೆಚ್ಚು ಓಡಾಟ ಇಲ್ಲ, ಹಾರಾಟ ಇಲ್ಲ. ಅವನ ಕೆಲಸವನ್ನೆಲ್ಲ ಬೇರೆಯವರು ಮಾಡುತ್ತಿದ್ದರು. 'ಪವರ್' ಎಂದು ಕೂಗುವ ಡಾಕ್ಟರ್ ಜೈಕಾಲ್ ಒಬ್ಬ (ಲಲಿತ್ ಪರಿಮೂ ಮಾಡಿದ ಪಾತ್ರ, ಅವನಿಗೂ ಅಭಿಮಾನಿಗಳಿದ್ದರು). ಕಿಲ್ವಿಷ್ ನಿಂತಲ್ಲೇ ನಿಂತು ಮಾತಾಡುತ್ತಿದ್ದ. ಕೊನೆಗೆ ಒಂದೇ ಮಾತು: ಅಂಧೇರಾ ಕಾಯಮ್ ರಹೇ.

ಈ ಮಾತು ನಮ್ಮೂರಿನಲ್ಲಿ ಹತ್ತಿದಷ್ಟು ಬೇರೆಲ್ಲೂ ಹತ್ತಿರಲಿಕ್ಕಿಲ್ಲ ಎಂದು ನನ್ನ ಗುಮಾನಿ. ಅದಕ್ಕೆ ಕಾರಣವೂ ಇದೆ. ಬೆಂಗಳೂರು ಮೈಸೂರಿನ ಹುಡುಗರಿಗೆ ಇದು ಹಿಂದಿ. ನಮಗೆ ಅರ್ಧಕ್ಕಿಂತ ಹೆಚ್ಚು ಮನೆಮಾತು. 'ಕಾಯಂ' ನಮ್ಮ ಕನ್ನಡದ್ದೇ ಶಬ್ದ. 'ಮಗಂದು ನೌಕರಿ ಕಾಯಂ ಆತೇನ್ರಿ?' ಅಂತ ಕಟ್ಟೆಯ ಮೇಲೆ ದಿನಾ ಕೇಳುವುದೇ. ಅಂಧೇರಾ ಅಂದರೆ ಮರಾಠಿಯ ಅಂಧಾರ. ನಮ್ಮ ಓಣಿಯಲ್ಲಿ ಒಂದು ಮನೆ ಕನ್ನಡ, ಪಕ್ಕದ ಮನೆ ಮರಾಠಿ. ನವೆಂಬರ್ ಒಂದನೇ ತಾರೀಖು ಬಂತೆಂದರೆ ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಕರಾಳ ದಿನ. ಅಂಥ ಊರಲ್ಲಿ ಎರಡೂ ಮನೆಯ ಹುಡುಗರು ಅನುವಾದ ಬೇಡದೆ ಒಟ್ಟಿಗೆ ಕೂಗಬಹುದಾದ ಘೋಷಣೆ ಎಂದರೆ ಇದೊಂದೇ ಇತ್ತು ಅಂತ ಕಾಣುತ್ತದೆ!

ಹೆಸರನ್ನಂತೂ ನಾವು ಬಂದ ತಿಂಗಳಲ್ಲೇ ನಮ್ಮದು ಮಾಡಿಕೊಂಡೆವು. ಕಿಲ್ವಿಷ್ ಅಲ್ಲ, ಕಿಲ್ವಿಷ್ಯಾ. ಸಂಗಪ್ಪ ಸಂಗ್ಯಾ ಆದ ಹಾಗೆ, ಬಾಳಪ್ಪ ಬಾಳ್ಯಾ ಆದ ಹಾಗೆ. ಶಕ್ತಿಮಾನನನ್ನು ಯಾರೂ ಶಕ್ತಿಮಾನ್ಯಾ ಅನ್ನಲಿಲ್ಲ, ನೋಡಿ. ಅವನು ಸಾಹೇಬರ ಸಾಲಿನವ. ಇವನು ಓಣಿಯವ. ಬಹಳ ವರ್ಷಗಳ ಮೇಲೆ ನಿಘಂಟು ತೆರೆದಾಗ ನನಗೆ ನಗು ಬಂತು. ಸಂಸ್ಕೃತದ 'ಕಿಲ್ಬಿಷ' ಅಂದರೆ ಪಾಪ, ದೋಷ. 'ತಮ' ಅಂದರೆ ಕತ್ತಲೆ. ಅವನ ಹೆಸರಿನಲ್ಲೇ ಅವನ ಜಾತಕ ಇತ್ತು. ನಾವು ಪಾಪಕ್ಕೆ 'ಯಾ' ಪ್ರತ್ಯಯ ಹಚ್ಚಿ ಗೆಳೆಯನನ್ನು ಮಾಡಿಕೊಂಡಿದ್ದೆವು.

ವಡಗಾವಿಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ಬೆಳಗಾವಿಯ ದಕ್ಷಿಣಕ್ಕೆ ಶಹಾಪುರ, ಖಾಸಬಾಗ, ವಡಗಾವಿ ಅಂತ ಒಂದಕ್ಕೊಂದು ಅಂಟಿಕೊಂಡ ನೇಕಾರರ ಬಡಾವಣೆಗಳಿವೆ. ಶಹಾಪುರ ಸೀರೆ ಅಂತ ನಿಮ್ಮ ಅಜ್ಜಿಯರ ಬಾಯಲ್ಲಿ ಕೇಳಿರಬಹುದು. ಮೊದಲು ಕೈಮಗ್ಗ, ಆಮೇಲೆ ಪವರ್‌ಲೂಮ್. ನಮ್ಮ ಮನೆಯಲ್ಲಿ ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ನಾವು. ಬೆಳಗಿನಿಂದ ರಾತ್ರಿಯವರೆಗೆ ಲಾಳಿಯ ಖಟ್ ಖಟ್ ಖಟ್. ಹೊರಗಿನವರಿಗೆ ತಲೆನೋವು ಬರುತ್ತಿತ್ತು, ನಮಗೆ ಅದು ನಿಂತರೆ ಎಚ್ಚರಾಗುತ್ತಿತ್ತು. ಆ ವರ್ಷಗಳ ಲೋಡ್ ಶೆಡ್ಡಿಂಗ್ ನೆನಪಿದೆಯಲ್ಲ? ಲೈಟ್ ಹೋದರೆ ಬರೀ ಬಲ್ಬು ಆರುತ್ತಿರಲಿಲ್ಲ, ಇಡೀ ಓಣಿಯ ನೂರಾರು ಮಗ್ಗಗಳು ಒಮ್ಮೆಲೇ ಬಾಯಿ ಮುಚ್ಚುತ್ತಿದ್ದವು. ಆ ನಿಶ್ಶಬ್ದ ಕಿವಿಗೆ ಹೊಡೆದ ಹಾಗೆ ಇರುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಯಾವುದೋ ಕಟ್ಟೆಯಿಂದ ಒಂದು ಹುಡುಗನ ದನಿ: 'ಅಂಧೇರಾ...' ಉಳಿದ ಕಟ್ಟೆಗಳಿಂದ ನಾವೆಲ್ಲ: 'ಕಾಯಮ್ ರಹೇಏಏ!'

ದೊಡ್ಡವರಿಗೆ ಇದು ತಮಾಷೆ ಆಗಿರಲಿಲ್ಲ. ಮಗ್ಗದವರ ದುಡಿಮೆ ನೇಯ್ದ ಸೀರೆಯ ಲೆಕ್ಕ, ಕೂತ ತಾಸಿನ ಲೆಕ್ಕವಲ್ಲ. ಕತ್ತಲೆ ಅಂದರೆ ಕೂಲಿ ಖೋತಾ. ಅಪ್ಪ ಕಂದೀಲು ಹಚ್ಚುತ್ತಾ ಒಮ್ಮೆ ಅಂದ: 'ಕತ್ತಲಿ ಕಾಯಂ ಇದ್ರ ನಾಳಿ ಏನ್ ತಿಂತೀಯೋ? ಕಿಲ್ವಿಷ್ಯಾ ಬಂದು ರೊಟ್ಟಿ ಬಡದು ಹಾಕ್ತಾನೇನು?' ಅಪ್ಪನ ಮಾತು ತಪ್ಪೆಂದು ಆಗಲೂ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಪಕ್ಕದಲ್ಲಿ ಕೂತಿದ್ದ ಅಜ್ಜ ನಗುತ್ತಿದ್ದ. 'ಬಿಡೋ ಮಾರಾಯಾ, ಹುಡ್ರು ಪಾತ್ರ ಹಾಕ್ಯಾವ. ರಾವಣನ ಪಾತ್ರ ಹಾಕಿದಂವ ಏನ್ ಮನಿಗೆ ಬಂದು ಯಾರ್ ಹೇಂತೀನರೆ ಎತಗೊಂಡು ಹೋಗ್ತಾನೇನು?'

ಅಜ್ಜನ ಈ ಮಾತಿನ ಹಿಂದೆ ಒಂದು ದೊಡ್ಡ ಇತಿಹಾಸ ಇದೆ ಅಂತ ನನಗೆ ತಿಳಿದದ್ದು ತಡವಾಗಿ. ಅಜ್ಜ ಮೂಲತಃ ಖಾನಾಪುರ ತಾಲ್ಲೂಕಿನ ಬೀಡಿ ಕಡೆಯವ. ಖಾನಾಪುರ ಅಂದರೆ ಎಲ್ಲರಿಗೂ ಪಶ್ಚಿಮದ ದಟ್ಟ ಕಾಡು, ಮಳೆ, ಗೋವೆಯ ದಾರಿ ನೆನಪಾಗುತ್ತದೆ. ಪೂರ್ವದ ಬೀಡಿ, ಇಟಗಿ, ಕಕ್ಕೇರಿ ಕಡೆ ಕಾಡು ಕಡಿಮೆಯಾಗಿ ಹೊಲಗಳು ಶುರುವಾಗುತ್ತವೆ, ಭಾಷೆಯೂ ಕನ್ನಡಕ್ಕೆ ಹೊರಳುತ್ತದೆ. ಅಲ್ಲಿಯ ದೊಡ್ಡಾಟಗಳನ್ನು ನೋಡಿಯೇ ಅಜ್ಜ ಬೆಳೆದದ್ದು. ಆಮೇಲೆ ಮಗ್ಗದ ಕೆಲಸಕ್ಕೆ ವಡಗಾವಿಗೆ ಬಂದ.

ದೊಡ್ಡಾಟ ನೋಡದವರಿಗೆ ಹೇಳುತ್ತೇನೆ. ಸುಗ್ಗಿ ಮುಗಿದ ಮೇಲೆ ಊರ ನಡುವೆ ಅಟ್ಟ ಹಾಕಿ ರಾತ್ರಿಯಿಡೀ ಆಡುವ ಆಟ. ಆಡುವವರು ಊರಿನ ರೈತರೇ, ತಿಂಗಳುಗಟ್ಟಲೆ ಮಾಸ್ತರನ ಕೈಯಲ್ಲಿ ಕಲಿತು. ಕಿರೀಟ, ಭುಜಕೀರ್ತಿ, ಎದೆಹಾರ, ಹಲಗೆ ಕಿತ್ತುಹೋಗುವ ಹಾಗೆ ಹೆಜ್ಜೆ. ಪಾತ್ರ ಬಂದ ಕೂಡಲೇ ಕತೆ ಶುರುವಾಗುವುದಿಲ್ಲ. ಸಾರಥಿ ಎದುರು ನಿಂತು ಕೇಳುತ್ತಾನೆ, ತಾವು ಯಾರು, ಎಲ್ಲಿಂದ ಬಂದಿರಿ, ಹೆಸರೇನು. ಆಗ ಪಾತ್ರ ತನ್ನ ಊರು, ಕುಲ, ಬಿರುದು ಬಾವಲಿ ಎಲ್ಲ ತಾನೇ ಹೇಳಿಕೊಳ್ಳಬೇಕು. ರಾಮನೂ ಹೇಳುತ್ತಾನೆ, ರಾವಣನೂ ಹೇಳುತ್ತಾನೆ. ಆದರೆ ರಾವಣ ಹೇಳುವಾಗಿನ ಮಜವೇ ಬೇರೆ! 'ರಾಮನ ಪಾತ್ರ ಯಾರರೆ ಮಾಡಬಹುದು, ರಾವಣಗ ಎದಿ ಬೇಕು, ದನಿ ಬೇಕು' ಅನ್ನುತ್ತಿದ್ದ ಅಜ್ಜ. ಮೆಚ್ಚಿದವರು ಆಟ ನಿಲ್ಲಿಸಿ ಮಾಡುವ ಆಯೇರಿಯೂ ರಾವಣನಿಗೇ ಜಾಸ್ತಿ ಬೀಳುತ್ತಿತ್ತಂತೆ. ಬೆಳಗಾದರೆ ಅದೇ ರಾವಣ ಮುಖದ ಬಣ್ಣ ಅರ್ಧ ಒರೆಸಿಕೊಂಡು ಚಹಾದಂಗಡಿಯಲ್ಲಿ ಬೀಡಿ ಸೇದುತ್ತಾ ಕೂತಿರುತ್ತಿದ್ದ. ಹುಡುಗರು ಹೋಗಿ ಅವನನ್ನು ಮುಟ್ಟಿ ಬರುತ್ತಿದ್ದರು.

ಈಗ ಕಿಲ್ವಿಷನನ್ನು ಈ ಅಟ್ಟದ ಮೇಲೆ ನಿಲ್ಲಿಸಿ ನೋಡಿ. ನಿಂತಲ್ಲೇ ನಿಲ್ಲುವುದು, ಎದೆಯಾಳದ ದನಿ, ತನ್ನ ಹೆಸರು, ತನ್ನ ಉದ್ದೇಶ ತಾನೇ ಸಾರುವುದು, ಪ್ರತಿಸಲ ಅದೇ ಮಾತಿಗೆ ಬಂದು ನಿಲ್ಲುವುದು. ಟಿವಿಯವರಿಗೆ ಅದು ಗ್ರಾಫಿಕ್ಸಿಗೆ ದುಡ್ಡಿಲ್ಲದ ಬಡತನ ಇರಬಹುದು. ನಮಗೆ ಅದು ಪರಿಚಯದ ಆಟ. ಇಡೀ ಧಾರಾವಾಹಿಯಲ್ಲಿ ಹಾರದೆ, ತಿರುಗದೆ, ತಂತಿ ಕಟ್ಟಿಕೊಳ್ಳದೆ ಬರೀ ದನಿಯಿಂದ ಕೆಲಸ ಮಾಡಿದವನು ಅವನೊಬ್ಬನೇ. ಆದ್ದರಿಂದ ಕೆಟ್ಟ ಗ್ರಾಫಿಕ್ಸ್ ಅವನನ್ನು ಕೆಡಿಸಲಿಲ್ಲ.

ಪಾತ್ರ ಮಾಡಿದ ಸುರೇಂದ್ರ ಪಾಲ್ ಏನು ಹೊಸಬರಲ್ಲ. ಬಿ.ಆರ್. ಚೋಪ್ರಾ ಅವರ ಮಹಾಭಾರತದಲ್ಲಿ (1988-90) ದ್ರೋಣ ಅವರೇ. ಭೀಷ್ಮ ಯಾರು? ಮುಕೇಶ್ ಖನ್ನಾ! ಕುರುಕ್ಷೇತ್ರದಲ್ಲಿ ಒಂದೇ ಕಡೆ ನಿಂತ ಇಬ್ಬರು ಮುದುಕರು ಇಲ್ಲಿ ಬೆಳಕು ಕತ್ತಲೆ ಹಂಚಿಕೊಂಡಿದ್ದರು. ಇನ್ನೂ ಮಜಾ ಅಂದರೆ 'ಚಾಣಕ್ಯ' ಧಾರಾವಾಹಿಯಲ್ಲಿ ಸುರೇಂದ್ರ ಪಾಲ್ ಮಾಡಿದ್ದು ಅಮಾತ್ಯ ರಾಕ್ಷಸನ ಪಾತ್ರ. ಸೋತ ನಂದರ ಪಕ್ಷ ಬಿಡದ ಮಂತ್ರಿ, ಶತ್ರುವಾದ ಚಾಣಕ್ಯನೇ ಮೆಚ್ಚಿ ತನ್ನ ಚಂದ್ರಗುಪ್ತನಿಗೆ ಮಂತ್ರಿಯಾಗಿ ಬೇಕು ಎಂದು ಹಟ ಹಿಡಿದ ಎದುರಾಳಿ. ಕನ್ನಡದಲ್ಲಿ ಕೆಂಪುನಾರಾಯಣ 1823ರಲ್ಲೇ 'ಮುದ್ರಾಮಂಜೂಷ'ದಲ್ಲಿ ಇದೇ ಕತೆ ಹೇಳಿದ್ದಾನೆ. ಹೆಸರು ರಾಕ್ಷಸ, ಗುಣ ನೋಡಿದರೆ ಕೈಮುಗಿಯಬೇಕು. ಅಂಥ ಪಾತ್ರ ಮಾಡಿ ಬಂದವರ ದನಿಗೆ ತೂಕ ಇರದೆ ಇನ್ನೇನು?

ಇನ್ನೂ ಹಿಂದಕ್ಕೆ ಹೋದರೆ ನಮ್ಮಿಂದ ಬಸ್ಸಿಗೆ ಮೂರ್ನಾಲ್ಕು ತಾಸಿನ ಮುಧೋಳದಲ್ಲಿ ರನ್ನ ಸಿಗುತ್ತಾನೆ. ಬಳೆಗಾರರ ಮನೆಯ ಹುಡುಗ, ಹತ್ತನೇ ಶತಮಾನದ ಕೊನೆಯಲ್ಲಿ ಚಾಲುಕ್ಯರ ಆಸ್ಥಾನಕ್ಕೆ ಹೋಗಿ 'ಸಾಹಸಭೀಮವಿಜಯ' ಬರೆದ. ಆಶ್ರಯ ಕೊಟ್ಟ ಸತ್ಯಾಶ್ರಯನನ್ನೇ ಭೀಮನಿಗೆ ಹೋಲಿಸಿ ಕಟ್ಟಿದ ಕಾವ್ಯ. ಇವತ್ತಿನ ಮಾತಿನಲ್ಲಿ ಹೇಳಬೇಕೆಂದರೆ ನಾಯಕನಿಗೆ ಸ್ಪಾನ್ಸರ್ ಇದ್ದ. ಆದರೆ ಓದಿದವರ ಮನಸ್ಸಿನಲ್ಲಿ ಉಳಿದದ್ದು ಯಾರು? ದುರ್ಯೋಧನ. ಹೆಣಗಳ ನಡುವೆ ಒಬ್ಬನೇ ನಡೆಯುವವ. ಸತ್ತ ದ್ರೋಣನನ್ನು, ಕರ್ಣನನ್ನು, ತಮ್ಮನನ್ನು, ಮಗನನ್ನು ಕಂಡು ಅಳುವವ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಶೌರ್ಯ ಹೊಗಳುವವ. ಭೀಮನಿಗೆ ಗೆಲುವೂ ಸಿಕ್ಕಿತು, ಪುಸ್ತಕದ ಹೆಸರೂ ಸಿಕ್ಕಿತು. ಆ ಹೆಸರು ಕೂಡ ಉಳಿಯಲಿಲ್ಲ ನೋಡಿ, ಜನ ಅದನ್ನು 'ಗದಾಯುದ್ಧ' ಅಂತಲೇ ಕರೆದರು. 1920ರ ದಶಕದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಅದನ್ನು ಗ್ರೀಕರ ದುರಂತ ನಾಟಕದ ಮಾದರಿಯಲ್ಲಿ ತಿದ್ದಿ ನಾಟಕ ಮಾಡಿದರು. ಸಾವಿರ ವರ್ಷ ಆದರೂ ದುರ್ಯೋಧನನ ಅಭಿಮಾನಿಗಳ ಸಂಘ ಮುಚ್ಚಿಲ್ಲ.

ಕಿಲ್ವಿಷನನ್ನು ದುರ್ಯೋಧನನ ಪಕ್ಕದಲ್ಲಿ ಕೂರಿಸುತ್ತಿದ್ದಾನೆ ಈ ಹುಚ್ಚ ಅಂತ ನಗಬೇಡಿ. ಬರಹದ ಎತ್ತರದಲ್ಲಿ ಇಬ್ಬರಿಗೂ ಹೋಲಿಕೆಯೇ ಇಲ್ಲ, ನನಗೂ ಗೊತ್ತು. ನಾನು ಹೇಳುತ್ತಿರುವುದು ನೋಡುವವರ ಬಗ್ಗೆ. ಎದುರಾಳಿಯನ್ನು ಮೆಚ್ಚುವ ಅಭ್ಯಾಸ ನಮಗೆ ಟಿವಿಯಿಂದ ಬಂದದ್ದಲ್ಲ.

ಹಾಗಂತ ಎಲ್ಲ ಕೆಟ್ಟವರನ್ನೂ ಮೆಚ್ಚುವ ಜನ ನಾವಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ಜಿಲ್ಲೆಯ ಸಣ್ಣಾಟ 'ಸಂಗ್ಯಾ ಬಾಳ್ಯಾ' ತೆಗೆದುಕೊಳ್ಳಿ. ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಕೊಲೆಯ ಕತೆ ಅಂತಲೇ ಜನ ನಂಬಿಕೊಂಡು ಬಂದಿದ್ದಾರೆ. ಸಂಗ್ಯಾ ಮತ್ತೊಬ್ಬನ ಹೆಂಡತಿ ಗಂಗಿಗೆ ಮನಸೋತವ. ಲೆಕ್ಕದ ಪ್ರಕಾರ ತಪ್ಪು ಅವನದೇ. ಆದರೆ ಕೊನೆಯಲ್ಲಿ ಅವನು ಸಾಯುವಾಗ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಜನರ ಶಾಪ ಬೀಳುವುದು ಗೆಳೆಯ ಬಾಳ್ಯಾನ ಮೇಲೆ, ಯಾಕೆಂದರೆ ಅವನು ಜೊತೆಗಿದ್ದೇ ಹಿಡಿದುಕೊಟ್ಟವ. ಕಿತ್ತೂರು ಚೆನ್ನಮ್ಮನ ನಾಟಕಗಳಲ್ಲೂ ಹಾಗೇ. 1824ರಲ್ಲಿ ಕಿತ್ತೂರಿನ ಮೇಲೆ ಬಂದು ಸತ್ತ ಥ್ಯಾಕರೆಯ ಪಾತ್ರಕ್ಕೆ ಬೂಟು, ಟೊಪ್ಪಿಗೆ, ಹರಕು ಮುರುಕು ಕನ್ನಡ ಎಲ್ಲ ಇರುತ್ತದೆ, ಜನ ನಗುತ್ತಾರೆ, ಸೀಟಿ ಹೊಡೆಯುತ್ತಾರೆ. ಮಲ್ಲಪ್ಪಶೆಟ್ಟಿ ಬಂದರೆ ಮಾತ್ರ ಸೀಟಿ ಇಲ್ಲ. ಶಾಲೆಯ ಗ್ಯಾದರಿಂಗಿಗೆ ಈ ನಾಟಕ ಹಾಕಿದಾಗ ಥ್ಯಾಕರೆ ಆಗಲು ನಾಲ್ಕು ಹುಡುಗರು ಕೈ ಎತ್ತಿದರು, ಮಲ್ಲಪ್ಪಶೆಟ್ಟಿಗೆ ಒಬ್ಬನೂ ಇಲ್ಲ. ಕೊನೆಗೆ ಆ ದಿನ ಗೈರುಹಾಜರಿದ್ದವನ ಹೆಸರು ಬರೆದುಕೊಂಡರು :)

ಅಂದರೆ ಜನ ಪ್ರೀತಿಸುವುದು ಬಾಯಿಬಿಟ್ಟು ಹೇಳುವ ಎದುರಾಳಿಯನ್ನು. ನಾನು ರಾವಣ, ನಾನು ಹೀಗೆ, ನಿನ್ನ ಕೈಲಾದರೆ ತಡಿ ಎನ್ನುವವನನ್ನು. ಒಳಗೊಂದು ಹೊರಗೊಂದು ಇರುವವನಿಗೆ ಆಯೇರಿ ಇಲ್ಲ. ಕಿಲ್ವಿಷ್ಯಾ ಎಂದೂ ಮುಖವಾಡ ಹಾಕಲಿಲ್ಲ. ವಿಚಿತ್ರ ಏನೆಂದರೆ ಆ ಧಾರಾವಾಹಿಯಲ್ಲಿ ದಿನಾ ಸುಳ್ಳು ಹೆಸರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದದ್ದು ನಾಯಕ, ಗಂಗಾಧರನಾಗಿ!

ಇನ್ನು ಆ ಧಾರಾವಾಹಿಯ ನಿಜವಾದ ಗಂಡಾಂತರದ ಮಾತು. 1998-99ರ ಸುಮಾರಿಗೆ ಪತ್ರಿಕೆಗಳಲ್ಲಿ ಸುದ್ದಿ ಬರತೊಡಗಿದವು. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ಮಕ್ಕಳು ಮಾಳಿಗೆಯಿಂದ ಜಿಗಿದರು, ಮೈಗೆ ಬೆಂಕಿ ಹಚ್ಚಿಕೊಂಡರು ಅಂತ. ಹಲವು ಸುದ್ದಿಗಳು ಸುಳ್ಳು ಅಂತ ಮುಕೇಶ್ ಖನ್ನಾ ವಾದಿಸುತ್ತಲೇ ಬಂದರು. ಎಷ್ಟು ಸುಳ್ಳು ಎಷ್ಟು ನಿಜ ಎನ್ನುವ ಲೆಕ್ಕಕ್ಕೆ ನಾನು ಕೈಹಾಕುವುದಿಲ್ಲ. ಆದರೆ ಅವರೇ ಪರದೆಯ ಮೇಲೆ ಬಂದು, ಇದು ನಟನೆ, ಇದನ್ನೆಲ್ಲ ಮನೆಯಲ್ಲಿ ಮಾಡಬೇಡಿ ಮಕ್ಕಳೇ ಅಂತ ಹೇಳಬೇಕಾಗಿ ಬಂತು. ಆಗ ಓಣಿ ಓಣಿಯಲ್ಲೂ ಹೆದರಿಕೆ. ಅವ್ವ ಮಾಳಿಗೆಯ ಬಾಗಿಲಿಗೆ ಹೊಸ ಚಿಲಕ ಹಾಕಿಸಿದಳು. ಶಾಲೆಯಲ್ಲಿ ಮಾಸ್ತರರೊಬ್ಬರು ಪ್ರಾರ್ಥನೆ ಮುಗಿದ ಮೇಲೆ, ಟಿವಿ ನೋಡಿ ಕೆಡುತ್ತೀರಿ, ಅದರಲ್ಲೂ ಆ ರಾಕ್ಷಸನ ಘೋಷಣೆ ಕೂಗುವವರು ಮೊದಲು ಕೆಡುತ್ತೀರಿ ಎಂದು ನಮ್ಮತ್ತ ಬೆರಳು ತೋರಿಸಿದರು.

ಇಷ್ಟು ವರ್ಷಗಳ ಮೇಲೆ ಯೋಚಿಸಿದರೆ ಆ ಬೆರಳು ತಿರುಗುಮುರುಗಾಗಿತ್ತು ಅನಿಸುತ್ತದೆ. ಬಂದ ಸುದ್ದಿಯೆಲ್ಲ ನಾಯಕನನ್ನು ನಂಬಿದವರದ್ದು. ಕಿಲ್ವಿಷನನ್ನು ಅನುಕರಿಸಿ ಯಾವ ಮಗುವಿನ ಕೈಕಾಲು ಮುರಿದ ಸುದ್ದಿಯನ್ನೂ ನಾನು ಓದಲಿಲ್ಲ. ಅವನನ್ನು ಅನುಕರಿಸಬೇಕೆಂದರೆ ಮಾಡಬೇಕಾದದ್ದು ಇಷ್ಟೇ. ಅವ್ವನ ಕಪ್ಪು ಸೆಲ್ಯ ಹೊದ್ದು, ಗಂಟಲು ದಪ್ಪ ಮಾಡಿ, ನಿಂತಲ್ಲೇ ನಿಂತು ಕೂಗುವುದು. ಅದು ಆಟ ಅಂತ ಆಡುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಕತ್ತಲೆ ನಿಜಕ್ಕೂ ಕಾಯಂ ಇರಲಿ ಅಂತ ನಮ್ಮಲ್ಲಿ ಯಾರಿಗೆ ಬೇಕಿತ್ತು? ಲೈಟ್ ಬಂದ ಕೂಡಲೇ ಎಲ್ಲರಿಗಿಂತ ಮೊದಲು 'ಹೋಓಓ' ಅಂತ ಕುಣಿಯುತ್ತಿದ್ದವರೂ ನಾವೇ.

ಶಕ್ತಿಮಾನನನ್ನು ಮಾತ್ರ ಹಾಗೆ ಆಟದ ಪಾತ್ರ ಅಂತ ಉಳಿಯಗೊಡಲಿಲ್ಲ. ಅವನು ಪರದೆಯಿಂದ ಹೊರಗೆ ಬಂದು ಮಕ್ಕಳ ಹಲ್ಲುಜ್ಜಿಸಿದ, ಬಿಸ್ಕತ್ತಿನ ಪುಡಿಕೆಯಲ್ಲಿ ಕೂತ, ತಪ್ಪು ಮಾಡಿದರೆ ಎದುರಿಗೇ ಪ್ರತ್ಯಕ್ಷನಾದ, ಸಾರಿ ಹೇಳಿಸಿಕೊಂಡ. ಕರೆದರೆ ಬರುವವನು ಅಂತ ವಾರ ವಾರ ಹೇಳಿಕೊಟ್ಟಾದ ಮೇಲೆ ಆರು ವರ್ಷದ ಕೂಸು ಕರೆದು ನೋಡಿದರೆ ಯಾರನ್ನು ದೂರಬೇಕು? ಬಣ್ಣ ಒರೆಸಿಕೊಂಡು ಚಹಾದಂಗಡಿಯಲ್ಲಿ ಕೂತ ರಾಮನನ್ನು ಖಾನಾಪುರದ ಹುಡುಗರು ನೋಡಿದ್ದರು. ಟಿವಿ ರಾಮನ ಬಣ್ಣ ಎಂದೂ ಇಳಿಯಲಿಲ್ಲ. ಖಳನಾಯಕನನ್ನು ಮೆಚ್ಚುವ ಹುಡುಗನಿಗೆ ಒಂದು ಅನುಕೂಲ ಇರುತ್ತದೆ. ಮೆಚ್ಚುತ್ತಿರುವುದು ಪಾತ್ರವನ್ನು, ನಂಬಬೇಕಾದದ್ದು ಬೇರೆಯದನ್ನು ಎಂಬ ಗೆರೆಯನ್ನು ಅವನು ಮೊದಲ ದಿನವೇ ಎಳೆದುಕೊಂಡಿರಬೇಕಾಗುತ್ತದೆ. ಇಲ್ಲದಿದ್ದರೆ ಮೆಚ್ಚುವುದೇ ಸಾಧ್ಯ ಇಲ್ಲ.

ಬಿಸ್ಕತ್ತಿನ ಮಾತು ಬಂತಲ್ಲ, ಒಂದು ಹಳೇ ತಮಾಷೆ ಹೇಳಿಬಿಡುತ್ತೇನೆ. ಖಳನಾಯಕನೂ ನಮ್ಮ ದೇಶದಲ್ಲಿ ಬಿಸ್ಕತ್ತು ಮಾರಿದ್ದಾನೆ! ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾಗಿ 1975ರಲ್ಲಿ ಬಂದ 'ಶೋಲೆ'ಯ ಗಬ್ಬರ್ ಸಿಂಗ್. ಅಮ್ಜದ್ ಖಾನ್ ಅದೇ ವೇಷದಲ್ಲಿ ಬ್ರಿಟಾನಿಯಾ ಗ್ಲುಕೋಸ್ ಬಿಸ್ಕತ್ತಿನ ಜಾಹೀರಾತು ಮಾಡಿದ. ಊರು ಸುಟ್ಟ ಡಕಾಯಿತ ಮಕ್ಕಳ ಬಿಸ್ಕತ್ತು ಮಾರಿದರೆ ಯಾರಿಗೂ ಏನೂ ಅನಿಸಲಿಲ್ಲ. ಅಮೆರಿಕದಲ್ಲೂ ಇಂಥದೇ. 1966ರಿಂದ 68ರವರೆಗೆ ಬಂದ ಬ್ಯಾಟ್‌ಮನ್ ಟಿವಿ ಸರಣಿ ನಮ್ಮ ಶಕ್ತಿಮಾನನಿಗಿಂತ ಏನೂ ಕಡಿಮೆ ಹಾಸ್ಯಾಸ್ಪದ ಅಲ್ಲ. ಅದರಲ್ಲಿ ಜೋಕರ್ ಆದ ಸೀಸರ್ ರೊಮೆರೊ ಮೀಸೆ ಬೋಳಿಸಲು ಒಪ್ಪದೆ ಮೀಸೆಯ ಮೇಲೇ ಬಿಳಿ ಬಣ್ಣ ಬಳಿಸಿಕೊಂಡಿದ್ದ. ಕಣ್ಣಿಟ್ಟು ನೋಡಿದರೆ ಕಾಣುತ್ತದೆ. ಆ ಸರಣಿಯನ್ನು ಈಗಲೂ ನೋಡುವವರು ಆ ಮೀಸೆಗಾಗಿಯೇ ನೋಡುತ್ತಾರೆ ಅಂತ ನನ್ನ ಅಂದಾಜು. ಬಣ್ಣದ ಕೆಳಗೆ ಮನುಷ್ಯ ಕಾಣಬೇಕು, ಅದೇ ಸುಖ.

ಆಮೇಲೆ ಏನಾಯಿತು ಅಂತ ಬೇಗ ಹೇಳಿ ಮುಗಿಸುತ್ತೇನೆ. ಕೇಬಲ್ ಬಂತು, ನಮ್ಮ ಪಾರ್ಟಿಯವರಿಗೆ ಮೀಸೆ ಬಂತು. ದೂರದರ್ಶನಕ್ಕೆ ಕಟ್ಟಬೇಕಾದ ಪ್ರಸಾರ ಶುಲ್ಕ ಏರುತ್ತಾ ಹೋದದ್ದೇ ಧಾರಾವಾಹಿ ನಿಲ್ಲಲು ಕಾರಣ ಅಂತ ಮುಕೇಶ್ ಖನ್ನಾ ಆಮೇಲೆ ಹೇಳಿದರು. 2005ರ ಹೊತ್ತಿಗೆ ನಾನಂತೂ ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಕತೆ ಬರೆಯುವವರಿಗೂ ಬೇಜಾರಾಗಿತ್ತು ಅಂತ ಕಾಣುತ್ತದೆ.

ಅವನು ಮತ್ತೆ ಬಂದದ್ದು 2020ರಲ್ಲಿ. ಲಾಕ್‌ಡೌನಿನಲ್ಲಿ ದೂರದರ್ಶನ ಹಳೆಯದನ್ನೆಲ್ಲ ಹೊರತೆಗೆಯಿತು. ಏಪ್ರಿಲ್‌ನಲ್ಲಿ ಶಕ್ತಿಮಾನ್ ಶುರು, ಅದಕ್ಕೂ ಕೆಲವೇ ದಿನ ಮೊದಲು ಮಹಾಭಾರತ. ಒಂದು ಚಾನೆಲ್ಲಿನಲ್ಲಿ ಸುರೇಂದ್ರ ಪಾಲ್ ಅರ್ಜುನನಿಗೆ ಬಿಲ್ಲು ಹಿಡಿಯುವುದನ್ನು ಕಲಿಸುತ್ತಿದ್ದರೆ ಇನ್ನೊಂದರಲ್ಲಿ ಕತ್ತಲೆಗೆ ಜೈಕಾರ ಹಾಕುತ್ತಿದ್ದರು. ಏಪ್ರಿಲ್ 5ರ ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಆರಿಸಿ ಹಣತೆ ಹಚ್ಚಿ ಅಂತ ಪ್ರಧಾನಿ ಹೇಳಿದಾಗ ನನ್ನ ಮೊಬೈಲಿಗೆ ಬಂದ ಚಿತ್ರಗಳಲ್ಲಿ ಅರ್ಧಕ್ಕರ್ಧ ಕಿಲ್ವಿಷನದ್ದೇ. ಯಾರ್ಯಾರೋ ಕಳಿಸಿದ್ದರು. ಪುಣೆಯಲ್ಲಿ ನೌಕರಿ ಮಾಡುವ ಪಕ್ಕದ ಮನೆಯ ಮರಾಠಿ ಗೆಳೆಯನೂ ಕಳಿಸಿದ್ದ, ಇಪ್ಪತ್ತು ವರ್ಷದ ಹಿಂದೆ ಕಟ್ಟೆಯಿಂದ 'ಅಂಧೇರಾ' ಅಂತ ಮೊದಲು ಕೂಗುತ್ತಿದ್ದವನು. ಕೆಳಗೆ ಬರೆದಿದ್ದ: 'ಮಗ್ಗ ಚಾಲೂ ಅದಾವೇನೋ?'

ಇರಲಿಲ್ಲ. ನೂಲು ಬರುತ್ತಿರಲಿಲ್ಲ, ನೇಯ್ದ ಸೀರೆಗೆ ಅಂಗಡಿ ತೆರೆದಿರಲಿಲ್ಲ. ಕರೆಂಟು ಇಪ್ಪತ್ನಾಲ್ಕು ತಾಸು ಇತ್ತು, ಓಣಿ ಮಾತ್ರ ಆ ಹಳೇ ಲೋಡ್ ಶೆಡ್ಡಿಂಗಿನ ಸಂಜೆಯ ಹಾಗೆ ಸುಮ್ಮನಿತ್ತು. ಅಜ್ಜ ತೀರಿಕೊಂಡು ಹತ್ತು ವರ್ಷ ಮೇಲಾಗಿತ್ತು. ಅಪ್ಪ ಮುಂದಿನ ಕೋಣೆಯಲ್ಲಿ ನಿಂತ ಮಗ್ಗಕ್ಕೆ ಒರಗಿ ಕೂತು ಮೊಮ್ಮಗಳಿಗೆ ಟಿವಿ ಹಚ್ಚಿಕೊಟ್ಟಿದ್ದ. ಶಕ್ತಿಮಾನ್ ತಿರುಗುವಾಗ ಅವಳು ಎದ್ದು ಹೋಗಿ ನೀರು ಕುಡಿದು ಬಂದಳು. ಕಪ್ಪು ನಿಲುವಂಗಿಯವನು ಬಂದಾಗ ಮಾತ್ರ ಅಲುಗಾಡದೆ ಕೂತಳು.

'ಅಜ್ಜಾ, ಇಂವ ಯಾರು?'

'ಇಂವಾ? ನಿಮ್ಮಪ್ಪನ ದೋಸ್ತ' ಅಂದ ಅಪ್ಪ.

ಮುಂದೆ 2022ರ ಫೆಬ್ರವರಿಯಲ್ಲಿ ಶಕ್ತಿಮಾನನನ್ನು ದೊಡ್ಡ ಸಿನಿಮಾ ಮಾಡುತ್ತೇವೆ, ಮೂರು ಭಾಗದಲ್ಲಿ ತರುತ್ತೇವೆ ಅಂತ ಸೋನಿ ಪಿಕ್ಚರ್ಸ್ ಘೋಷಿಸಿತು. ನಾಯಕ ಯಾರಾಗಬೇಕು ಅಂತ ಪತ್ರಿಕೆಗಳಲ್ಲಿ ದಿನಕ್ಕೊಂದು ಹೆಸರು ತೇಲಿ ಬಂತು. ಪುಣೆಯ ಗೆಳೆಯ ಫೋನ್ ಮಾಡಿದಾಗ ನಾವು ಆ ಹೆಸರುಗಳ ಮೇಲೆ ಒಂದು ನಿಮಿಷವನ್ನೂ ಖರ್ಚು ಮಾಡಲಿಲ್ಲ. ಕಿಲ್ವಿಷ್ಯಾ ಯಾರು ಅನ್ನುವುದರ ಮೇಲೆ ಮುಕ್ಕಾಲು ತಾಸು ಜಗಳಾಡಿದೆವು. ಅವನದು ಒಂದೇ ಹಟ. ದುಡ್ಡು ಸುರಿದು ಗ್ರಾಫಿಕ್ಸಿನಲ್ಲಿ ಅವನಿಗೆ ರೆಕ್ಕೆ ಗಿಕ್ಕೆ ಹಚ್ಚಿದರೆ ಟಾಕೀಸಿಗೆ ಕಾಲಿಡುವುದಿಲ್ಲವಂತೆ. ನಿಂತಲ್ಲೇ ನಿಲ್ಲಬೇಕು, ದನಿ ಒಂದೇ ಸಾಕು.